ಪರಸ್ಥಾನವೂ ಪಾಲಿಸಿಯೂ

ಗುರುವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಚಿಕ್ಕಮ್ಮ ಅರ್ಧ ತಿಂದ ಪರಂಗಿಹಣ್ಣಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಕೂತ್ಕೊಳ್ತೀನಿ ಕಣೇ" ಅಂದಳು. ಹಡಗಿನ ಮೇಲ್ಮಹಡಿ, ಈಜುಕೊಳದ ಪಕ್ಕ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಐದೂಕಾಲಿಗೆ ಕೆಳಗಿನ ಸಭಾಂಗಣದಲ್ಲಿ ಜಾದೂ ಪ್ರದರ್ಶನವಿತ್ತು, ಚಿಕ್ಕಮ್ಮನಿಗೆ ಮುಂದಿನ ಸಾಲೇ ಬೇಕೆಂದು ನಾನು ಪದೇ ಪದೇ ಗಡಿಯಾರ ನೋಡುತ್ತಿದ್ದೆ. ಚಿಕ್ಕಮ್ಮ ತಟ್ಟೆಯಲ್ಲಿ ಬಿಡುವ ಪೈಕಿಯಲ್ಲ. ಮುಂದಿನ ಸಾಲು ಬಿಡುವ ಪೈಕಿಯಂತೂ ಅಲ್ಲವೇ ಅಲ್ಲ. ಎರಡನ್ನೂ ಒಟ್ಟಿಗೆ ಬಿಟ್ಟು ಅವಳು ಕುರ್ಚಿ ಹುಡುಕಿದಾಗ ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಇದು ನನ್ನ ಲೆಕ್ಕ. ಚಿಕ್ಕಮ್ಮನನ್ನು ಕೇಳಿದರೆ ಕೆಡುಕು ಶುರುವಾದದ್ದು ಹಡಗಿನಲ್ಲಿ ಅಲ್ಲ. ರಾಜಾಜಿನಗರದ ಅವಳ ಮನೆಯ ಊಟದ ಮೇಜಿನ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು "ವಿಮೆ" ಎಂಬ ಮಾತೆತ್ತಿದ ಭಾನುವಾರವೇ ಶುರುವಾಗಿತ್ತು.

ಚಿಕ್ಕಮ್ಮನ ವಿಷಯ ಸ್ವಲ್ಪ ಹೇಳಬೇಕು. ನನ್ನ ಅಮ್ಮನ ತಂಗಿ, ಎಪ್ಪತ್ತು ದಾಟಿದವಳು, ಮದುವೆಯ ಗೊಡವೆಗೆ ಹೋಗದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರಿಗೆ ಟ್ರಂಕ್ ಕಾಲ್ ಹಾಕಿಕೊಡುತ್ತ ನಿವೃತ್ತಳಾದಳು. "ಸಿಂಗಪುರಕ್ಕೆ ಎಷ್ಟು ಜನರನ್ನ ಮಾತಾಡ್ಸಿದೀನಿ, ನಾನು ಮಾತ್ರ ಮೆಜೆಸ್ಟಿಕ್ ದಾಟಿಲ್ಲ" ಎನ್ನುವುದು ಅವಳ ಹಳೆಯ ದೂರು. ಇದು ಶುದ್ಧ ಸುಳ್ಳು, ಅವಳು ಕಾಶಿ, ರಾಮೇಶ್ವರ ಎಲ್ಲ ನೋಡಿದ್ದಾಳೆ. ಆದರೂ ಸಿಂಗಪುರದಿಂದ ಹೊರಟು ನಾಲ್ಕು ದಿನ ಸಮುದ್ರ ಸುತ್ತಿಸಿ ತರುವ ಹಡಗಿನ ಜಾಹೀರಾತನ್ನು ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಅವಳನ್ನು ಹಿಡಿಯುವವರು ಇರಲಿಲ್ಲ. ಜೊತೆಗೆ ನಾನು ಬರಬೇಕು, ಖರ್ಚು ಅವಳದು. ವಿಜಯನಗರದಲ್ಲಿ ಗಂಡನ ಜೊತೆ ಸುಖವಾಗಿದ್ದ ನಾನು ರಜೆ ಹಾಕಿದೆ.

ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಪಾಠ ಮಾಡುವವಳು. ವಿಮೆಯ ತತ್ವಗಳನ್ನು ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಹಾಗಾಗಿ ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ ಆಫೀಸಿನ ಹುಡುಗಿ, "ಮೇಡಂ, ಇನ್ಶೂರೆನ್ಸ್ ಎಲ್ಲ ಒಂದೇ, ಇಲ್ಲೇ ಒಂದು ಟಿಕ್ ಹಾಕ್ಬಿಡ್ಲಾ?" ಎಂದಾಗ ನಾನು ಬೇಡವೆಂದೆ. ಇವತ್ತಿಗೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವ ಕೆಲಸ ಅದು. ಮನೆಗೆ ತಂದು ಓದಿದರೆ, ಆ ಟಿಕ್‌ನ ಪಾಲಿಸಿಯಲ್ಲಿ ಪೆಟ್ಟಿಗೆ ಕಳೆದರೆ, ವಿಮಾನ ತಡವಾದರೆ, ನೆಲದ ಮೇಲಿನ ಆಸ್ಪತ್ರೆಗೆ ಸೇರಿದರೆ ದುಡ್ಡು ಬರುತ್ತಿತ್ತು. ಹಡಗಿನ ಸುದ್ದಿಯೇ ಇರಲಿಲ್ಲ. ನಾವು ಹೋಗುತ್ತಿದ್ದುದೇ ನೀರಿನ ಮೇಲೆ. ಇನ್ನೊಂದು ಪಾಲಿಸಿಯಲ್ಲಿ ಹಡಗು ಇತ್ತು, ಆದರೆ ಮೊದಲಿಂದ ಇರುವ ಕಾಯಿಲೆಗೆ ಕೈಯೆತ್ತಿಬಿಟ್ಟಿದ್ದರು. ಮೂರನೆಯದು ಸ್ವಲ್ಪ ದುಬಾರಿ. ಅದರಲ್ಲಿ ಹಡಗಿನ ವೈದ್ಯರ ಖರ್ಚೂ ಇತ್ತು, ನಡುನೀರಿನಿಂದ ದಡಕ್ಕೆ ಸಾಗಿಸುವ ಖರ್ಚೂ ಇತ್ತು, ಹಳೆಯ ಕಾಯಿಲೆ ಪ್ರಾಣಕ್ಕೆ ಬಂದರೆ ಅದೂ ಇತ್ತು. ಷರತ್ತು ಒಂದೇ, ಕಾಯಿಲೆಯನ್ನು ಮುಂಚೆಯೇ ಬಾಯಿಬಿಟ್ಟು ಹೇಳಿರಬೇಕು.

ತೊಡಕು ಇದ್ದದ್ದು ಅಲ್ಲೇ. ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲವಲ್ಲ. ನಾನು ಬೆಳೆದದ್ದು ಅರ್ಧ ಈ ಚಿಕ್ಕಮ್ಮನೂ ಅಜ್ಜಿಯೂ ಇದ್ದ ಮನೆಯಲ್ಲೇ. ಕೈಗಾರಿಕಾ ಎಸ್ಟೇಟಿನ ಸೈರನ್ ಕೇಳಿ ಎದ್ದು, ಅದೇ ಸೈರನ್ ಕೇಳಿ ಶಾಲೆಯಿಂದ ಬರುವ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದ ಕಾಲ. ಅಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಎಲ್ಲಿಗಾದರೂ ಹೊರಟಾಗ "ಹೋಗ್ತೀನಿ" ಎನ್ನುವಂತಿಲ್ಲ, "ಬರ್ತೀನಿ" ಎನ್ನಬೇಕು. ಅಪ್ಪಿತಪ್ಪಿ ಕೆಟ್ಟ ಮಾತು ಬಾಯಿಂದ ಬಿತ್ತೋ, "ಬಿಡ್ತು ಅನ್ನು" ಎಂದು ಮನೆಯ ನಾಲ್ಕೂ ಮೂಲೆಯಿಂದ ಕೂಗು. ಬಿಡ್ತು ಎಂದ ತಕ್ಷಣ ಆಡಿದ ಮಾತು ಆಡದ ಹಾಗೆ.

ಐದನೆಯ ಕ್ಲಾಸಿನಲ್ಲಿ ಶಾಲೆಯಿಂದ ಪ್ರವಾಸ ಹೊರಟಿದ್ದೆ. ಹೊಸ್ತಿಲ ಮೇಲೆ ನಿಂತು, "ಅಜ್ಜೀ, ಬಸ್ಸು ಮಗುಚಿಕೊಂಡ್ರೆ ಏನು ಮಾಡೋದು?" ಎಂದು ಕೇಳಿದೆ. ಕೇಳಿದ್ದು ತಿಳಿದುಕೊಳ್ಳುವ ಆಸೆಯಿಂದ, ಬೇರೆ ದುರುದ್ದೇಶವಿರಲಿಲ್ಲ. ಅಜ್ಜಿ ನನ್ನನ್ನು ಒಳಗೆ ಎಳೆದು, ಮಣೆ ಹಾಕಿ ಕೂರಿಸಿ, ಬಿಡ್ತು ಅನ್ನಿಸಿ, ನೀರು ಕುಡಿಸಿ, ದೇವರಿಗೆ ಇನ್ನೊಂದು ನಮಸ್ಕಾರ ಮಾಡಿಸಿ ಮತ್ತೆ ಹೊರಡಿಸಿದಳು. ಅಷ್ಟರಲ್ಲಿ ಬಸ್ಸು ಶಿವನಸಮುದ್ರದ ದಾರಿ ಹಿಡಿದಾಗಿತ್ತು. ಹುಟ್ಟಿನಿಂದಲೇ ನನಗೆ ವಿಮಾ ಕಂಪನಿಯ ಬುದ್ಧಿ ಎಂದು ಈಗ ಅನಿಸುತ್ತದೆ. ಅವರೂ ಅದನ್ನೇ ಕೇಳುತ್ತಾರೆ, ಬಸ್ಸು ಮಗುಚಿಕೊಂಡರೆ ಏನು ಮಾಡೋಣ ಅಂತ. ಅವರನ್ನು ಮಣೆಯ ಮೇಲೆ ಕೂರಿಸುವ ಅಜ್ಜಿ ಇಲ್ಲ ಅಷ್ಟೆ.

ಆ ಭಾನುವಾರ ನಾನು ಪಾಲಿಸಿಯ ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಓದಿ ಹೇಳುತ್ತಿದ್ದರೆ ಚಿಕ್ಕಮ್ಮ ಹುರುಳಿಕಾಯಿ ಮುರಿಯುತ್ತ ಸಾಲಿಗೊಂದು "ಬಿಡ್ತು ಅನ್ನು" ಹಾಕುತ್ತಿದ್ದಳು. ಅಪಘಾತ, ಬಿಡ್ತು. ಅಂಗವೈಕಲ್ಯ, ಬಿಡ್ತು. ಪಾರ್ಥಿವ ಶರೀರವನ್ನು ಊರಿಗೆ ತರುವ ವೆಚ್ಚ ಎಂಬ ಸಾಲಿಗೆ ಬಂದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆಮೇಲೆ ನಾನು ಭಾಷೆ ಬದಲಾಯಿಸಿದೆ. "ಹಡಗಿನಿಂದ ಬೇಗ ಮನೆಗೆ ಬರೋ ಆಸೆ ಆದ್ರೆ ದೋಣಿ ಕಳಿಸ್ತಾರಂತೆ." ಅದಕ್ಕೆ ಅವಳ ಒಪ್ಪಿಗೆಯಿತ್ತು. ಕೊನೆಗೆ ಕಾಯಿಲೆಯ ಪ್ರಶ್ನೆ ಬಂತು.

"ಉಬ್ಬಸ ಅಂತ ಬರೀಬೇಡ. ಬರೆದ್ರೆ ಅಂಟ್ಕೊಳ್ಳುತ್ತೆ."

"ನಾನು ಹುಟ್ಟೋಕೆ ಮುಂಚೆನೇ ಅಂಟ್ಕೊಂಡಿದೆಯಲ್ಲ ಚಿಕ್ಕಮ್ಮ."

"ಅದು ಉಬ್ಬಸ ಅಲ್ಲ. ಸ್ವಲ್ಪ ಗಾಳಿ."

"ಗಾಳಿ ಅಂತ ಬರೆಯೋಕೆ ಜಾಗ ಕೊಟ್ಟಿಲ್ಲ."

"ಹಾಗಾದ್ರೆ ಏನೂ ಇಲ್ಲ ಅಂತ ಬರಿ. ನೋಡು, ಚೆನ್ನಾಗೇ ಇದೀನಿ."

ನಾನು ಲ್ಯಾಪ್‌ಟಾಪ್ ಮುಚ್ಚಿ, ಉಬ್ಬಸ ಬರೆಯದಿದ್ದರೆ ನಾನು ಬರುವುದೇ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಹುರುಳಿಕಾಯಿಯ ನಾರು ತೆಗೆದಳು. ಆಮೇಲೆ ತನ್ನ ಷರತ್ತು ಮುಂದಿಟ್ಟಳು. ನಮ್ಮ ವಿಮಾನ ಮಂಗಳವಾರ. ಮನೆ ಬಿಡಬೇಕಾದ ಹೊತ್ತು ಸರಿಯಾಗಿ ರಾಹುಕಾಲ. ನಾನು ಉಬ್ಬಸ ಬರೆದುಕೊಳ್ಳಬಹುದು, ಆದರೆ ಸೋಮವಾರ ಒಳ್ಳೆಯ ಹೊತ್ತಿನಲ್ಲಿ ಪರಸ್ಥಾನ ಆಗಲೇಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ನಮ್ಮ ಸಾಮಾನಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ನಾವು ಹೊರಟ ಹಾಗೇ. ಆಮೇಲೆ ನಿಜವಾಗಿ ಹೊರಡುವಾಗ ಅದನ್ನು ದಾರಿಯಲ್ಲಿ ಎತ್ತಿಕೊಂಡು ಹೋದರಾಯಿತು. ರಾಹುವಿಗೆ ಮೋಸ ಮಾಡುವ ಈ ಉಪಾಯ ಕಂಡುಹಿಡಿದವರು ಯಾರೋ, ವಕೀಲರ ಬುದ್ಧಿ ಅವರದು. ಗಂಟಿನಲ್ಲಿ ಇಡುವುದು ಕೆಲಸಕ್ಕೆ ಬಾರದ ಹಳೇ ಟವೆಲ್ ಆಗಬಾರದು, ಹೋದ ಕಡೆ ಬೇಕೇ ಬೇಕು ಎನ್ನುವಂಥದ್ದಾಗಬೇಕು ಎನ್ನುವುದು ಚಿಕ್ಕಮ್ಮನ ಮತ. ಬೇಕೇ ಬೇಕು ಎನ್ನುವಂಥದ್ದು ಅವಳಿಗೆ ಏನಿದೆ? ಹೊಸ ಇನ್ಹೇಲರ್‌ಗಳು, ದಿನಾ ನುಂಗುವ ಮಾತ್ರೆಗಳು. ಎಲ್ಲವನ್ನೂ ಒಂದು ಹಸಿರು ಬಟ್ಟೆ ಚೀಲಕ್ಕೆ ಹಾಕಿ, ಮೇಲೊಂದು ಅರಿಶಿನದ ಕೊಂಬು ಇಟ್ಟು, ಅದೇ ಅಡ್ಡರಸ್ತೆಯ ಸರೋಜಮ್ಮನವರ ದೇವರಮನೆಯಲ್ಲಿ ಇಟ್ಟು ಬಂದೆವು. ಸರೋಜಮ್ಮ ಚಿಕ್ಕಮ್ಮನ ಹಳೆಯ ಗೆಳತಿ, ದಿನಾ ಸಂಜೆ ಗೇಟಿನ ಬಳಿ ಇಬ್ಬರದೂ ಮಾತು.

ಮಂಗಳವಾರ ಕ್ಯಾಬ್ ಬಂತು, ಒಳಗೆ ಬರಲಿಲ್ಲ. ರಸ್ತೆ ಅಗೆದಿದ್ದರು. ನಮ್ಮ ಕಡೆ ರಸ್ತೆ ಅಗೆದಿದ್ದರು ಎನ್ನುವುದು ಸುದ್ದಿಯಲ್ಲ, ಆದರೆ ಆ ದಿನ ಅಗೆದದ್ದು ಸರೋಜಮ್ಮನವರ ಮನೆಯ ಕಡೆ. ಡ್ರೈವರ್ ಇನ್ನೊಂದು ತುದಿಯಲ್ಲಿ ನಿಂತು ಫೋನಿನಲ್ಲಿ, "ಆಂಟಿ, ಬೇಗ ಬನ್ನಿ, ಹಿಂದೆ ಗಾಡಿಯವ್ರು ಹಾರ್ನ್ ಹೊಡೀತಾವ್ರೆ" ಎನ್ನುತ್ತಿದ್ದ. ಇಬ್ಬರೂ ಪೆಟ್ಟಿಗೆ ಉರುಳಿಸಿಕೊಂಡು ಆ ಕಡೆ ಓಡಿದೆವು. ಚೀಲವನ್ನು ನಾನು ತಂದೆನೆಂದು ಅವಳು, ಅವಳು ತಂದಳೆಂದು ನಾನು. ಗೊತ್ತಾದದ್ದು ಮರುದಿನ ಹಡಗಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ. ನಾನು ಹೌಹಾರಿ ಹಡಗಿನ ವೈದ್ಯರನ್ನು ನೋಡೋಣ ಎಂದರೆ ಚಿಕ್ಕಮ್ಮ ಕೈಚೀಲದಿಂದ ಹಳೆಯ ಇನ್ಹೇಲರ್ ತೆಗೆದು ತೋರಿಸಿ, ನಾಲ್ಕು ದಿನಕ್ಕೆ ಇದೇ ಧಾರಾಳ, ಬಂದ ಜಾಗದಲ್ಲಿ ಅಪಶಕುನ ಆಡಬೇಡ ಎಂದು ನನ್ನ ಬಾಯಿ ಮುಚ್ಚಿಸಿದಳು. ಗುರುವಾರ ಬೆಳಿಗ್ಗೆ ಗೆಲುವಾಗಿಯೇ ಇದ್ದಳು. ಸಂಜೆ ಈಜುಕೊಳದ ಪಕ್ಕ ಕೆಂಡದ ಮೇಲೆ ಏನೋ ಸುಡತೊಡಗಿದರು. ಗಾಳಿ ತಿರುಗಿ ಹೊಗೆಯೆಲ್ಲ ನಮ್ಮ ಕಡೆ ಬಂತು.

ಕುರ್ಚಿಯಲ್ಲಿ ಕೂತವಳು ಇನ್ಹೇಲರ್ ಒತ್ತಿದಳು. ಬರೀ ಸದ್ದು ಬಂತು. ಒಳಗೆ ಏನೂ ಇರಲಿಲ್ಲ.

ಮುಂದಿನದನ್ನು ನಾನು ಎಷ್ಟು ಸಲ ತಲೆಯೊಳಗೆ ಓಡಿಸಿದ್ದೇನೋ. ಭುಜ ಮೇಲಕ್ಕೇರಿ ಕುತ್ತಿಗೆಯ ನರ ಎದ್ದದ್ದು. ಮಾತು ಒಂದೊಂದೇ ಪದಕ್ಕೆ ಇಳಿದದ್ದು. ಗಾಲಿಕುರ್ಚಿ ತಂದವರು, ಲಿಫ್ಟು, ಕೆಳಗಿನ ಮಹಡಿಯ ಬೆಳ್ಳನೆಯ ಪುಟ್ಟ ಆಸ್ಪತ್ರೆ. ಮೂಗು ಬಾಯಿಗೆ ಮುಖವಾಡ, ಕೈಗೆ ಸೂಜಿ. ಹಡಗಿನ ವೈದ್ಯೆ ಒಳ್ಳೆಯವಳು, ಸುತ್ತಿ ಬಳಸಿ ಮಾತಾಡಲಿಲ್ಲ. ಇಲ್ಲಿ ಇಷ್ಟೇ ಮಾಡಲು ಸಾಧ್ಯ, ಉಸಿರು ಇನ್ನೂ ಸೋತರೆ ಯಂತ್ರ ಬೇಕು, ಅದು ದಡದಲ್ಲಿದೆ, ಹತ್ತಿರದ ಬಂದರಿನಿಂದ ದೋಣಿ ಕರೆಸಬೇಕು, ನಿಮ್ಮ ವಿಮೆಯವರನ್ನು ಕೇಳಿ ಎಂದಳು. ನಾನು ಫೋನ್ ಮಾಡಿದೆ. ಆ ಕಡೆಯ ಹೆಂಗಸು ಹೆಸರು, ಹಡಗು, ಪಾಲಿಸಿ ಎಲ್ಲ ಕೇಳಿ, ರೋಗಿಗೆ ಮೊದಲಿಂದ ಏನಾದರೂ ಕಾಯಿಲೆ ಇತ್ತೇ ಎಂದಳು. ಇತ್ತು, ಉಬ್ಬಸ, ಬರೆದಿದ್ದೇನೆ, ನೋಡಿ ಎಂದೆ. ಕೀಲಿಮಣೆ ಕುಟ್ಟುವ ಸದ್ದು. ಆಮೇಲೆ, "ಹೌದು, ಇದೆ. ದೋಣಿಗೆ ಹೇಳ್ತೀವಿ" ಎಂಬ ಮಾತು. ಜೀವನದಲ್ಲಿ ನನ್ನ ಕಿವಿಗೆ ಅದಕ್ಕಿಂತ ಇಂಪಾದದ್ದು ಬಿದ್ದಿಲ್ಲ.

ದೋಣಿ ಬಂದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಹಡಗಿನ ಪಕ್ಕೆಯಲ್ಲಿ, ನೀರಿಗೆ ಸ್ವಲ್ಪವೇ ಮೇಲೆ, ಒಂದು ಬಾಗಿಲಿದೆ. ಅದನ್ನು ತೆರೆದರು. ಮೇಲಿನ ಮಹಡಿಯಿಂದ ಚಿತ್ರದ ಹಾಗೆ ಕಂಡಿದ್ದ ಸಮುದ್ರ ಅಲ್ಲಿ ಬಾಗಿಲಿಗೇ ಬಂದು ನಿಂತಿತ್ತು. ದೋಣಿ ಒಮ್ಮೆ ನಮ್ಮ ಮಟ್ಟಕ್ಕೆ ಏರುತ್ತಿತ್ತು, ಒಮ್ಮೆ ಆಳು ಎತ್ತರ ಇಳಿಯುತ್ತಿತ್ತು. ಹಡಗಿಗೂ ದೋಣಿಗೂ ನಡುವೆ ಒಂದು ಸಂದು. ಅದು ತೆರೆಯುವುದು, ಕಪ್ಪು ನೀರು ಕಾಣುವುದು, ಮುಚ್ಚುವುದು, ಮತ್ತೆ ತೆರೆಯುವುದು. ಚಿಕ್ಕಮ್ಮನನ್ನು ಸ್ಟ್ರೆಚರಿಗೆ ಕಟ್ಟಿದ್ದರು. ಈ ಕಡೆ ಇಬ್ಬರು, ಆ ಕಡೆ ಇಬ್ಬರು, ಅಲೆ ಮೇಲೆ ಬರುವುದನ್ನೇ ಕಾಯುತ್ತಿದ್ದರು. ಆಗ ಅವಳು ಮುಖವಾಡ ಸ್ವಲ್ಪ ಎತ್ತಿ ನನ್ನನ್ನು ಕರೆದಳು.

"ಇದನ್ನೂ... ಬರೆಸಿದ್ದೆಯಾ?"

"ಬರೆಸಿದ್ದೆ."

"ಸರಿ" ಎಂದು ಕಣ್ಣು ಮುಚ್ಚಿಕೊಂಡಳು.

ಅವಳನ್ನು ದಾಟಿಸಿದ ಗಳಿಗೆಯಲ್ಲಿ ದೋಣಿ ಇಳಿಯಿತು. ಸ್ಟ್ರೆಚರಿನ ತಲೆಯ ಭಾಗ ಆ ಕಡೆ, ಕಾಲಿನ ಭಾಗ ಈ ಕಡೆ, ನಡುವೆ ಚಿಕ್ಕಮ್ಮ ಆ ಸಂದಿನ ಮೇಲೆ. ಒಂದು ಉಸಿರಿನಷ್ಟು ಹೊತ್ತು ಇರಬೇಕು. ಈ ಕಡೆಯವನೊಬ್ಬ ಏನೋ ಕೂಗಿ ಕೈಬಿಟ್ಟ, ಆ ಕಡೆಯವರು ಸೆಳೆದುಕೊಂಡರು, ಆಯಿತು. ಅದನ್ನು ಕೈಬಿಟ್ಟದ್ದು ಅನ್ನಬಾರದು, ಬಿಟ್ಟುಕೊಟ್ಟದ್ದು ಎಂದು ಆಮೇಲೆ ಅರ್ಥವಾಯಿತು. ನನ್ನನ್ನು ಹೇಗೆ ದಾಟಿಸಿದರೋ ನನಗೆ ನೆನಪೇ ಇಲ್ಲ.

ದಡದ ಆಸ್ಪತ್ರೆಯಲ್ಲಿ ಯಂತ್ರದವರೆಗೆ ಹೋಗಲಿಲ್ಲ. ಎರಡನೆಯ ದಿನವೇ ಚಿಕ್ಕಮ್ಮ ಅಲ್ಲಿನ ನರ್ಸಿಗೆ ಸಾರಿನಲ್ಲಿ ಹುಣಿಸೆಹಣ್ಣು ಎಷ್ಟು ಹಾಕಬೇಕೆಂದು ಸನ್ನೆಯಲ್ಲಿ ಹೇಳುತ್ತಿದ್ದಳು. ಆಸ್ಪತ್ರೆಯವರು ವಿಮೆಯವರ ಜೊತೆ ನೇರವಾಗಿ ಮಾತಾಡಿಕೊಂಡರು, ಚಿಕ್ಕಮ್ಮನನ್ನು ಬೆಂಗಳೂರಿನವರೆಗೆ ಗಾಲಿಕುರ್ಚಿಯಲ್ಲೇ ತಲುಪಿಸಿದರು. ಸುದ್ದಿ ಹಬ್ಬಿ, ಈಗ ಮಾರೇನಹಳ್ಳಿಯಿಂದ ಕೆಂಗೇರಿಯವರೆಗೆ ಯಾರು ಹಡಗು ಹತ್ತುವುದಾದರೂ ಮೊದಲು ನನಗೆ ಫೋನ್ ಮಾಡುತ್ತಾರೆ. ನಾನೂ ಬಿಗುಮಾನ ಮಾಡದೆ ಹೇಳುತ್ತೇನೆ. ಟಿಕೆಟಿನ ಜೊತೆ ಬರುವ ಟಿಕ್ ಹಾಕಬೇಡಿ. ಹಡಗು ಎಂಬ ಮಾತು ಪಾಲಿಸಿಯಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿ. ನೀರಿನಿಂದ ದಡಕ್ಕೆ ತರುವವರು ಯಾರು ಕೇಳಿ. ನಿಮ್ಮ ಗಾಳಿಯನ್ನು ಉಬ್ಬಸ ಎಂದೇ ಬರೆಯಿರಿ.

ಬಂದ ದಿನವೇ ಸರೋಜಮ್ಮ ಹಸಿರು ಚೀಲ ಹಿಡಿದುಕೊಂಡು ಬಂದರು. ಕಣ್ಣು ಅತ್ತು ಊದಿತ್ತು. ಅವರು ಹೇಳಿದ್ದು ಇಷ್ಟು. ಮಂಗಳವಾರ ನಾವು ಪೆಟ್ಟಿಗೆ ಉರುಳಿಸಿಕೊಂಡು ಆ ಕಡೆ ಹೋಗುವುದನ್ನು ಅವರು ನೋಡಿದ್ದರು. ಚೀಲ ಕೈಯಲ್ಲೇ ಇತ್ತು, ಗೇಟಿನ ಹೊರಗೇ ನಿಂತಿದ್ದರು.

"ಕೂಗೋಣ ಅಂತ ಬಾಯಿ ತೆಗೆದೆ ಕಣ್ರೀ. ಹೊರಟವರನ್ನ ಹಿಂದಿನಿಂದ ಕರೀಬಾರದು ಅಲ್ವಾ, ಬಾಯಿ ಮುಚ್ಕೊಂಡೆ. ಓಡೋಣ ಅಂದ್ರೆ ಈ ಮಂಡಿ."

ಫೋನ್ ಮಾಡಬಹುದಿತ್ತಲ್ಲ ಎಂದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ಫೋನಲ್ಲಿ ಕರೆದ್ರೂ ಹಿಂದಿನಿಂದ ಕರೆದ ಹಾಗೇ ತಾನೇ?"

ನಾನು ಚಿಕ್ಕಮ್ಮನ ಮುಖ ನೋಡಿದೆ. ಸಾವಿನ ಬಾಯಿಂದ ಬಂದವಳು, ಈಗಲಾದರೂ ಗೆಳತಿಗೆ ಎರಡು ಮಾತು ಬಿಗಿಯಾಗಿ ಹೇಳುತ್ತಾಳೆಂದುಕೊಂಡೆ. ಅವಳು ಸರೋಜಮ್ಮನವರ ಕೈ ಹಿಡಿದುಕೊಂಡಳು. "ಒಳ್ಳೇದೇ ಮಾಡಿದೆ ಬಿಡು. ನೀನು ಕೂಗಿದ್ದಿದ್ರೆ ನಾನು ವಾಪಸ್ ಬರ್ತಿದ್ನಾ?" ಎಂದಳು. ಪರಸ್ಥಾನ ಇಟ್ಟದ್ದರಿಂದಲೇ ದೋಣಿ ಸಿಕ್ಕಿತು, ಸರೋಜ ಬಾಯಿ ಬಿಗಿಹಿಡಿದದ್ದರಿಂದಲೇ ಜೀವ ಉಳಿಯಿತು ಎನ್ನುವುದು ಅವರಿಬ್ಬರ ತೀರ್ಮಾನ. ಪಾಲಿಸಿಗೂ ಒಂದು ಪಾಲು ಕೊಟ್ಟರು, ಇಲ್ಲವೆನ್ನಲಾರೆ. ನಾನು ವಾದ ಮಾಡಲಿಲ್ಲ. ವರ್ಷವೆಲ್ಲ ತರಗತಿಯಲ್ಲಿ ಗೆಲ್ಲುವವರು ಮನೆಯಲ್ಲಿ ಸೋಲಬೇಕಾಗುತ್ತದೆ.

ಬದುಕಿ ಬಂದದ್ದು ಅವಳು, ನಿದ್ದೆ ಹೋದದ್ದು ನನ್ನದು. ಕೆಲವು ದಿನ ಅವಳ ಮನೆಯಲ್ಲೇ ಉಳಿದೆ. ಕಣ್ಣು ಮುಚ್ಚಿದರೆ ಆ ಸಂದು ತೆರೆಯುತ್ತಿತ್ತು. ಹಗಲಲ್ಲೂ ಬಿಡಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸುವಾಗ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ನಾಲ್ಕು ಬೆರಳು ಜಾಗವನ್ನು ನಾನು ಕಾಲುವೆ ದಾಟುವವಳ ಹಾಗೆ ಹಾರಿದೆ. ಹಿಂದಿದ್ದ ಹುಡುಗಿ, "ಆಂಟಿ, ಹುಷಾರು" ಎಂದು ತೋಳು ಹಿಡಿದಳು. ಮನೆಗೆ ಬಂದರೆ ಚಿಕ್ಕಮ್ಮನ ಉಸಿರಿನ ಕಾವಲು. ಗಳಿಗೆಗೊಮ್ಮೆ ಎದ್ದು ಹೋಗಿ ಅವಳ ಮೂಗಿನ ಬಳಿ ಬಗ್ಗಿ ಕೇಳುವುದು, ಒಮ್ಮೊಮ್ಮೆ ಏನೂ ಕೇಳಿಸದಿದ್ದರೆ ಮುಟ್ಟಿ ನೋಡಿ ಸಮಾಧಾನ ಮಾಡಿಕೊಂಡು ಬರುವುದು.

ಒಂದು ಶನಿವಾರ ಉಪ್ಪಿಟ್ಟು ಬಡಿಸುತ್ತ ಚಿಕ್ಕಮ್ಮ ಕೇಳಿದಳು, "ನಿನಗೆ ನಿದ್ದೆ ಬರಲ್ವೇನೇ?"

ನಿನ್ನ ಉಸಿರೇ ಕೇಳಿಸುವುದಿಲ್ಲ, ಹೇಗೆ ಬರುತ್ತೆ ಎಂದೆ.

"ಕೇಳ್ಸಲ್ಲ. ನೀನು ಬಂದು ಬಗ್ತೀಯಲ್ಲ, ಆಗ ನಾನು ಉಸಿರು ಬಿಗಿ ಹಿಡ್ಕೊಂಡಿರ್ತೀನಿ. ಒಂಚೂರು ಗೊರ್ ಅಂದ್ರೂ ನೀನು ಆಂಬುಲೆನ್ಸ್ ಕರೆಸೋಳು."

ಅಷ್ಟೂ ದಿನ ಅವಳೂ ಮಲಗಿರಲಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಕಾದಿದ್ದು, ಬಂದಾಗ ಉಸಿರು ಕಟ್ಟಿ, ಹೋದಮೇಲೆ ಬಿಟ್ಟು, ಹೊರಳುತ್ತಿದ್ದಳಂತೆ. ಆವತ್ತು ಮಧ್ಯಾಹ್ನವೇ ನನ್ನ ಬಟ್ಟೆಯನ್ನು ತಾನೇ ಮಡಿಸಿ ಚೀಲಕ್ಕೆ ತುಂಬಿ, ಆಟೊ ಕರೆಸಿ, ಗಂಡನ ಮನೆಗೆ ಹೋಗಿ ಮಲಗು ಎಂದು ಕಳಿಸಿಬಿಟ್ಟಳು. ಸಂಜೆ ವಿಜಯನಗರದಲ್ಲಿ ಊಟ ಮಾಡಿ, ಒಂಬತ್ತಕ್ಕೆಲ್ಲ ದಿಂಬಿಗೆ ತಲೆಯಿಟ್ಟೆ.

ಎಚ್ಚರವಾದಾಗ ಮಂಚದ ಪಕ್ಕ ಚಿಕ್ಕಮ್ಮ ನಿಂತಿದ್ದಳು, ನನ್ನ ಮುಖದ ಹತ್ತಿರಕ್ಕೆ ಬಗ್ಗಿಕೊಂಡು. ಕಿಟಕಿಯಲ್ಲಿ ಬಿಸಿಲು ಬಂದು ನೆಲದ ಅರ್ಧಕ್ಕೆ ಹರಡಿತ್ತು. ಬಾಗಿಲಲ್ಲಿ ನನ್ನ ಗಂಡ ಕಾಫಿ ಲೋಟ ಹಿಡಿದು ನಿಂತಿದ್ದರು. ನಮ್ಮ ಕಟ್ಟಡದಲ್ಲಿ ಕರೆಂಟ್ ಇರಲಿಲ್ಲ, ಲಿಫ್ಟೂ ಇಲ್ಲ. ಮೂರು ಮಹಡಿ ಹತ್ತಿ ಬಂದಿದ್ದಾಳೆ. ನಾನು ಕಣ್ಣು ಬಿಟ್ಟದ್ದೇ ತಡ, ಬೆಳಗಿನಿಂದ ಫೋನ್ ಮಾಡಿ ಮಾಡಿ ಬೆರಳು ಸವೆದದ್ದು, ಎತ್ತದೇ ಹೋದರೆ ಮನುಷ್ಯರು ಏನಂತ ತಿಳಿದುಕೊಳ್ಳಬೇಕು, ಆಟೊದವನು ಸುತ್ತಿ ಬಳಸಿ ಕರೆತಂದದ್ದು, ಇಷ್ಟು ಹೊತ್ತಿನವರೆಗೆ ಹೆಣ್ಣುಮಕ್ಕಳು ಮಲಗುವುದುಂಟೇ, ಎಬ್ಬಿಸಲು ಈ ಅಳಿಯಂದಿರಿಗೆ ಏನಾಗಿತ್ತು ಎಂದು ಒಂದೇ ಸಮನೆ ಬೈಯತೊಡಗಿದಳು. ಎಲ್ಲಿ ನಿಲ್ಲಿಸುತ್ತಾಳೋ, ಎಲ್ಲಿ ಏದುಸಿರು ಬರುತ್ತದೋ ಎಂದು ನಾನು ಮಲಗಿದಲ್ಲೇ ಕಿವಿಗೊಟ್ಟು ಕೇಳುತ್ತಿದ್ದೆ. ಎಲ್ಲೂ ನಿಲ್ಲಿಸಲಿಲ್ಲ. ಭಾನುವಾರ ಅದು, ಒಂಬತ್ತೂವರೆ ದಾಟಿತ್ತು, ಮತ್ತು ಶನಿವಾರ ಕಣ್ಣು ಮುಚ್ಚಿದವಳು ನಾನು ನಡುವೆ ಒಮ್ಮೆಯೂ ಎದ್ದಿರಲಿಲ್ಲ.